ಸೋಡಾ ನೀರಿನ ಪರೀಕ್ಷೆ

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ, ಕೊಟ್ಟ ಹಾಲಿನ ಲೋಟವನ್ನು ಮೊದಲು ಕಿಟಕಿಯ ಬೆಳಕಿಗೆ ಹಿಡಿದು, ಆಮೇಲೆ ಮೂಸಿ, ಒಂದು ಹನಿಯನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟು ಅದು ಜಾರುವ ಬಗೆಯನ್ನು ಪರಿಶೀಲಿಸಿದ ಮೇಲೆಯೇ ತುಟಿಗೆ ತಾಗಿಸುತ್ತಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಉಳಿದವರಿಗೆ ಗಾದೆ. ಆಹಾರ ಕಲಬೆರಕೆಯ ಇನ್‌ಸ್ಪೆಕ್ಟರಾಗಿ ಆಯುಷ್ಯ ಸವೆಸಿದ ಅವರಿಗೆ ಅದೇ ಅನ್ನ. ಬಂಧುಬಳಗದಲ್ಲಿ ಅವರ ಹೆಸರೇ ‘ಕಲಬೆರಕೆ ಮಾವ’.

ನಿವೃತ್ತರಾದ ಮೇಲೂ ಆ ಕಂದು ಕೋಟು ಮೈ ಬಿಡಲಿಲ್ಲ. ಅದರ ಒಳಜೇಬಿನಲ್ಲಿ ಒಂದು ಗಾಜಿನ ಕೊಳವೆ, ಅಯಸ್ಕಾಂತದ ತುಂಡು, ಸೋಡಾಪುಡಿಯ ಪುಟ್ಟ ಡಬ್ಬಿ ಸದಾ ಸನ್ನದ್ಧ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಗೋಡೆಯಂಚಿಗೇ ನಡೆಯುತ್ತ, ಅಂಗಡಿಯೊಂದನ್ನು ದಾಟಿದ ಮೇಲೆ ತಟ್ಟನೆ ಹಿಂತಿರುಗಿ ನೋಡುವುದು ಅವರ ನಡಿಗೆಯ ಲಕ್ಷಣ. ತಾವು ದಾಟಿದ ಮೇಲೆಯೇ ಅಂಗಡಿಯವನು ಕಳ್ಳಡಬ್ಬಿ ಹೊರತೆಗೆಯುತ್ತಾನೆಂಬುದು ಅವರ ಗಟ್ಟಿ ಅನುಮಾನ. ಯಾರು ಏನೇ ಹೇಳಲಿ, ಉತ್ತರ ಒಂದೇ: “ಇರಲಿ, ನೋಡೋಣ.” ಮಗಳ ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರಿಗೆ ಸಿಕ್ಕಿದ್ದೂ ಅದೇ. ಪಾಪ, ಅಳಿಯ ಇವತ್ತಿಗೂ ಪರೀಕ್ಷೆಯಲ್ಲೇ ಇದ್ದಾನೆ.

ಆ ಅಳಿಯನೇ ಒಂದು ದಿನ ನೇರಳೆ ಬಣ್ಣದ ಕ್ಯಾಪ್ಸೂಲುಗಳ ಸೀಸೆ ತಂದ. ಮಾವನಿಗೆ ಆಗ ಹೊಟ್ಟೆಯ ಸುತ್ತಳತೆ, ಸಕ್ಕರೆ, ಬಿಪಿ, ರಕ್ತದ ಕೊಬ್ಬು ಎಲ್ಲವೂ ಮಾತಾಡಿಕೊಂಡಂತೆ ಒಟ್ಟಿಗೇ ಏರಿ, ಡಾಕ್ಟರು ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂದು ಹೆಸರು ಹೇಳಿ, ರಕ್ತನಾಳಗಳಿಗೆ ಅಪಾಯವೆಂದು ಎಚ್ಚರಿಸಿ ಮಾತ್ರೆ ಬರೆದಿದ್ದರು. ಸೀಸೆಯ ಮೇಲೆ ‘ಬೆರಿ ಹಣ್ಣಿನ ಸಾರ, ರಕ್ತದ ಆರೋಗ್ಯಕ್ಕಾಗಿ’ ಎಂದು ಅಚ್ಚಾಗಿತ್ತು.

“ಮಾತ್ರೆ ಜೊತೆಗೆ ತಗೊಂಡು ನೋಡಿ ಮಾವ. ಕೆಲವರಿಗೆ ಒಳ್ಳೇದಾಗಿದೆಯಂತೆ.”

“ಅಂತೆ!” ಎಂದರು ಮಾವ. ಅಷ್ಟಕ್ಕೇ ಅಳಿಯ ಬೆವೆತ.

ಅವನು ಹೊರಟದ್ದೇ ತಡ, ಕ್ಯಾಪ್ಸೂಲು ಬಿಚ್ಚಿ, ಪುಡಿಯನ್ನು ನೀರಲ್ಲಿ ಕದಡಿ, ಚಿಟಿಕೆ ಸೋಡಾ ಉದುರಿಸಿದರು. ಕೆಂಪು ನೀರು ನೀಲಿಗೆ ತಿರುಗಿ, ಮೆಲ್ಲಗೆ ಹಸಿರಾಯಿತು. ಹಣ್ಣಿನ ಬಣ್ಣ ಸೋಡಾಕ್ಕೆ ಹೀಗೆ ತಿರುಗುತ್ತದೆ, ಬೆರೆಸಿದ ಬಣ್ಣ ಜಗ್ಗುವುದಿಲ್ಲ ಎಂಬುದು ಅವರ ವೃತ್ತಿಯ ಹಳೆಯ ಪಾಠ. “ಅಸಲಿ ಕಣೇ! ಅಳಿಯ ತಂದರೂ ಅಸಲಿ!” ಎಂದು ಅತ್ತೆಗೆ ಕೂಗಿ ಹೇಳಿದರು. ಆಮೇಲೆ ಡಾಕ್ಟರ ಮಾತ್ರೆಯನ್ನೂ ಅರೆದು ಅದೇ ಸೋಡಾ ಹಾಕಿದರು. ಅದು ಬಿಳಿಯಾಗಿಯೇ ಉಳಿಯಿತು.

“ನೋಡು, ಇದು ಬಾಯೇ ಬಿಡ್ತಿಲ್ಲ.”

ಅಂದಿನಿಂದ ಮಾತ್ರೆ ನಿಂತಿತು, ಕ್ಯಾಪ್ಸೂಲು ಮಾತ್ರ ನಡೆಯಿತು. “ಡಾಕ್ಟ್ರನ್ನ ಒಂದು ಮಾತು ಕೇಳ್ರೀ” ಎಂದು ಅತ್ತೆ ಗೋಗರೆದರು. “ಮಾತ್ರೆ ಬರೆಯೋನು ಮಾತ್ರೆ ಬೇಡ ಅಂತಾನಾ?” ಎಂದರು ಮಾವ.

ಒಂದು ಬೆಳಿಗ್ಗೆ ಗಡ್ಡ ಹೆರೆಯುವಾಗ ರೇಜರ್ ಬಲಗೈಯಿಂದ ಜಾರಿತು. ತುಟಿ ಒಂದು ಬದಿಗೆ ಜೋತುಬಿತ್ತು. ಆಸ್ಪತ್ರೆಯಲ್ಲಿ ಪ್ರಜ್ಞೆ ತಿಳಿಯಾದ ಮೇಲೆ ಡಾಕ್ಟರು, “ಮಾತ್ರೆ ಯಾಕೆ ಬಿಟ್ರಿ?” ಎಂದು ಕೇಳಿದಾಗ ನಾನು ಹಾಸಿಗೆಯ ಪಕ್ಕದಲ್ಲೇ ಇದ್ದೆ.

“ಆ ಹಣ್ಣಿನ ಕ್ಯಾಪ್ಸೂಲು... ಅಸಲಿ ಇತ್ತು” ಎಂದು ಮಾವ ತೊದಲಿದರು.

“ಅಸಲಿ ಹಣ್ಣೇ ಇರಬಹುದು. ನಿಮ್ಮ ಬಿಪಿಗೆ ಅದೊಂದೇ ಸಾಕು ಅಂತ ಯಾವ ಪರೀಕ್ಷೆ ಹೇಳ್ತು?”

ಆಗ ಅತ್ತೆಯ ಸಿಟ್ಟು ಒಡೆಯಿತು: “ಮದುವೆ ಆದಾಗಿಂದ ನಾನು ಬಡಿಸಿದ್ದನ್ನೆಲ್ಲ ಮೂಸಿ ಮೂಸಿ ತಿಂದ್ರಿ, ಸಹಿಸ್ಕೊಂಡೆ. ನಿಮ್ಮ ತಲೇಲಿ ಹುಟ್ಟಿದ್ದನ್ನ ಮಾತ್ರ ಒಂದು ಸಲನೂ ಮೂಸಲಿಲ್ಲವಲ್ರೀ!”

ಈಗ ಅವರ ಬಲಗೈಯಲ್ಲಿ ಕೊಳವೆ ನಿಲ್ಲುವುದಿಲ್ಲ. ಅತ್ತೆ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟರೆ ಕಣ್ಣು ಮುಚ್ಚಿ ನುಂಗುತ್ತಾರೆ. ಲೋಕವನ್ನೆಲ್ಲ ಸಂಶಯಿಸುವವರು ಎಲ್ಲರಿಗಿಂತ ಎಚ್ಚರದವರೆಂಬ ಮಾತಿನ ಮೇಲೆಯೇ ನನಗೆ ಸಂಶಯ ಹುಟ್ಟಿದೆ. ನಂಬದೆ ಬದುಕುವ ಮನುಷ್ಯನಿಲ್ಲ. ಹತ್ತು ಕಡೆ ಹಂಚಬೇಕಾದ ನಂಬಿಕೆಯನ್ನು ಇಂಥವರು ಜೀವಮಾನವಿಡೀ ಕೂಡಿಟ್ಟು, ತಮ್ಮದೇ ಪರೀಕ್ಷೆಯಲ್ಲಿ ಗೆದ್ದ ಯಾವುದೋ ಒಂದರ ಮೇಲೆ ಒಮ್ಮೆಗೇ ಸುರಿದುಬಿಡುತ್ತಾರೆ. ಪಕ್ಕದಲ್ಲೇ ಮಾತ್ರೆ ಹಿಡಿದು ನಿಂತ ಕೈಗೆ ಆ ನಂಬಿಕೆಯಲ್ಲಿ ಒಂದು ಚಿಟಿಕೆಯೂ ಉಳಿದಿರುವುದಿಲ್ಲ.