ಹಿಂದಿನಿಂದ ಓದಿದ ಔಷಧಿ ಚೀಟಿ

ತಪ್ಪು ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಮುದ್ರಣಾಲಯದಲ್ಲಿ ಯಾರೂ ಇರಲಿಲ್ಲ. ಔಷಧಿ ಡಬ್ಬಿಗಳೊಳಗೆ ಎಂಟು ಮಡಿಕೆಯಾಗಿ ಕೂತಿರುವ, ಯಾರೂ ಬಿಚ್ಚಿ ನೋಡದ ತೆಳು ಕಾಗದದ ಚೀಟಿಗಳು ಅಲ್ಲಿ ಅಚ್ಚಾಗುತ್ತಿದ್ದವು. ಅವುಗಳ ಪ್ರೂಫ್ ನೋಡುವುದು ಅವಳ ಕೆಲಸ. ಅದಕ್ಕೆ ಅವಳದೇ ಒಂದು ಪಟ್ಟು ಇತ್ತು: ಚೀಟಿಯನ್ನು ಕೊನೆಯ ಪದದಿಂದ ಶುರುಮಾಡಿ ಮೊದಲ ಪದಕ್ಕೆ ಬಂದು ನಿಲ್ಲಿಸುತ್ತಿದ್ದಳು. ಮುಂದಿನಿಂದ ಓದಿದರೆ ಮನಸ್ಸು ಅರ್ಥದ ಬೆನ್ನು ಹತ್ತಿ ಓಡುತ್ತದೆ, ಕಣ್ಣು ತಪ್ಪನ್ನು ಬಿಟ್ಟುಬಿಡುತ್ತದೆ ಎಂಬುದು ಅವಳ ವಾದ. ಹೀಗೆ ಒಂಬತ್ತು ವರ್ಷಗಳಲ್ಲಿ ಸಾವಿರಾರು ಔಷಧಿಗಳ ಬಗ್ಗೆ ಓದಿ, ಒಂದರ ಬಗ್ಗೆಯೂ ಏನೂ ತಿಳಿದುಕೊಳ್ಳದೆ ಸುಖವಾಗಿದ್ದಳು.

ಈಗ ಹೆರಿಗೆಯ ರಜೆ. ಆದರೂ ಪ್ರೂಫುಗಳು ಮನೆಗೇ ಬರುತ್ತಿದ್ದವು. ತರುತ್ತಿದ್ದವನು ಅದೇ ಮುದ್ರಣಾಲಯದಲ್ಲಿ ಮೆಷಿನ್ ನೋಡಿಕೊಳ್ಳುವ ಗಂಡ. ಎರಡು ತಿಂಗಳ ಮಗಳು ಅಳುವುದಕ್ಕೆ ಬಾಯಿ ತೆಗೆದರೆ ಬೀದಿಯ ಆ ತುದಿಯವರೆಗೂ ಕೇಳಿಸುತ್ತಿತ್ತು. ಅಪ್ಪನೇ ಅವಳಿಗೆ ‘ಕಹಳೆ’ ಎಂದು ಹೆಸರಿಟ್ಟಿದ್ದ.

ಒಂದು ಸೋಮವಾರ ತಾಯಿಯ ಮೈಮೇಲೆ ಕೆಂಪು ದದ್ದುಗಳೆದ್ದವು. ತುರಿಸಿ ತುರಿಸಿ ಸಾಕಾಗಿ ಹೋಯಿತು. ಮೇಜಿನ ಮೇಲೆ ಒಂದು ಮಾತ್ರೆಯ ಡಬ್ಬಿ ಇತ್ತು. ಚೀಟಿ ಒಳಗೆ ಸರಿಯಾಗಿ ಕೂರುತ್ತದೆಯೇ ಎಂದು ಅಳತೆ ನೋಡಲಿಕ್ಕೆ ಔಷಧಿ ಕಂಪನಿಯವರು ಮಾತ್ರೆ ಸಮೇತ ಒಂದು ಮಾದರಿ ಡಬ್ಬಿ ಕಳಿಸುವುದು ವಾಡಿಕೆ. ‘ತುರಿಕೆ, ಸೀನು, ನೆಗಡಿಗೆ’ ಎಂದು ಮೇಲೆಯೇ ಬರೆದಿತ್ತು. ಚೀಟಿ ಮಾತ್ರ ಒಳಗಿರಲಿಲ್ಲ. ಇರುವುದಾದರೂ ಹೇಗೆ? ಹನ್ನೊಂದು ಕೆಂಪು ಗುರುತುಗಳನ್ನು ಹಾಕಿಸಿಕೊಂಡು ಅದು ಇನ್ನೂ ಪ್ರೂಫಾಗಿ ಅವಳ ಮೊಣಕೈ ಕೆಳಗೇ ಬಿದ್ದಿತ್ತು. ಅಂದಿನಿಂದ ದಿನಾ ಬೆಳಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ನುಂಗತೊಡಗಿದಳು. ತುರಿಕೆ ಹೇಳಹೆಸರಿಲ್ಲದಂತೆ ಹೋಯಿತು. ಕಣ್ಣು ಎಳೆಯುತ್ತಿತ್ತು ನಿಜ, ಆದರೆ ಬಾಣಂತಿಗೆ ಯಾವಾಗ ತಾನೇ ಕಣ್ಣು ಎಳೆಯುವುದಿಲ್ಲ!

ಮಂಗಳವಾರ ಕಹಳೆ ನಿಂತುಹೋಯಿತು.

ಮನೆಯಲ್ಲಿ ಯಶಸ್ಸಿನ ಹಂಚಿಕೆ ಶುರುವಾಯಿತು. "ನಾನು ಬಟ್ಟೆ ಸುತ್ತೋ ರೀತಿನೇ ಹಾಗೆ. ಮಗು ಹೊಟ್ಟೇಲಿದೀನಿ ಅಂದ್ಕೊಂಡು ಮಲಗ್ಬಿಡತ್ತೆ," ಎಂದು ಅತ್ತೆ ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

"ಬಟ್ಟೆನೂ ಇಲ್ಲ, ಗಿಟ್ಟೆನೂ ಇಲ್ಲಮ್ಮ. ನಾನು ಹೆಗಲ ಮೇಲೆ ಹಾಕ್ಕೊಂಡು ಮೆಷಿನ್ ತಾಳದಲ್ಲಿ ತಟ್ತೀನಲ್ಲ, ಅದು," ಎಂದ ಗಂಡ.

ತಾಯಿ ಜಗಳಕ್ಕೆ ಹೋಗಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ಬಿಸಿ ಊಟ ಬಿಸಿಯಾಗಿಯೇ ಹೊಟ್ಟೆಗೆ ಇಳಿಯುತ್ತಿರುವಾಗ ಯಾರು ತಾನೇ ಕಾರಣ ಹುಡುಕುತ್ತಾರೆ?

ಬುಧವಾರ ಬಟ್ಟೆ ಒಣಹಾಕುವಾಗ ಅವಳ ಕೈ ನಿಂತಿತು. ದಿನಾ ಹಗ್ಗದ ಮೇಲೆ ಮಗು ಒದ್ದೆಮಾಡಿದ ಹತ್ತು ಬಟ್ಟೆ ಇರುತ್ತಿತ್ತು, ಅಂದು ಐದೇ. ಮಗು ಮೂರು ಗುಟುಕು ಎಳೆದು ಮೊಲೆ ಬಾಯಲ್ಲಿಟ್ಟುಕೊಂಡೇ ನಿದ್ದೆಹೋಗುತ್ತಿತ್ತು. "ದೊಡ್ಡವಳಾಗ್ತಿದಾಳೆ ಬಿಡು, ಬುದ್ಧಿ ಬರ್ತಿದೆ," ಎಂದರು ಅತ್ತೆ. ಅವಳಿಗೆ ಆ ಬುದ್ಧಿ ಯಾಕೋ ಹಿಡಿಸಲಿಲ್ಲ.

ಗುರುವಾರ ಬೆಳಗ್ಗೆ ಅದೇ ಚೀಟಿಯ ಎರಡನೇ ಪ್ರೂಫ್ ಬಂತು. ಇದಕ್ಕೆ ನಿಯಮ ಬೇರೆ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದದ್ದರ ಮೇಲೆ ಬೆರಳಿಟ್ಟು ಹೋಗಬೇಕು. ಓದುವ ಕೆಲಸ ಅತ್ತೆಯದು. ಅವರಿಗೋ ಹಿಂದಿನಿಂದ ಓದುವ ವಿದ್ಯೆ ಗೊತ್ತಿಲ್ಲ. ಕನ್ನಡಕ ಏರಿಸಿ, ನಾಟಕದ ಮಾತು ಹೇಳುವವರಂತೆ ರಾಗವಾಗಿ ಓದುತ್ತಿದ್ದರು. ನಡುನಡುವೆ ರೋಗಿಗಳ ಮೇಲೆ ಮರುಕ ಬೇರೆ.

"ಬಾಯಿ ಒಣಗಬಹುದು, ಅಲ್ಪವಿರಾಮ, ತಲೆ ಭಾರವಾಗಬಹುದು, ಪೂರ್ಣವಿರಾಮ. ಅಯ್ಯೋ ಪಾಪ! ಹಾಲುಣಿಸುವ ತಾಯಂದಿರು ವೈದ್ಯರನ್ನು ಕೇಳದೆ ಸೇವಿಸಬಾರದು, ಪೂರ್ಣವಿರಾಮ. ಔಷಧಿಯು ಹಾಲಿನ ಮೂಲಕ ಶಿಶುವನ್ನು ಸೇರಿ, ಅಲ್ಪವಿರಾಮ, ಅತಿಯಾದ ಮಂಪರು…"

ರಾಗ ಕಡಿಯಿತು. ಅತ್ತೆ ಕನ್ನಡಕದ ಮೇಲಿಂದ ಮೇಜಿನ ಮೇಲಿದ್ದ ಡಬ್ಬಿಯನ್ನು ನೋಡಿದರು. ಆಮೇಲೆ ಸೊಸೆಯನ್ನು.

"ಇದನ್ನೇ ಅಲ್ವೇನೇ ನೀನು ನುಂಗ್ತಿರೋದು?"

ಸೊಸೆಯ ಬೆರಳು ಆ ಸಾಲಿನ ಮೇಲೇ ನಿಂತಿತು. ಅಲ್ಲಿ ಬಿಟ್ಟುಹೋಗಿದ್ದ ಅಲ್ಪವಿರಾಮವನ್ನು ಮೊದಲ ಪ್ರೂಫಿನಲ್ಲಿ ಹಾಕಿದವಳೇ ಅವಳು.

ಚಪ್ಪಲಿ ಯಾರದ್ದು ಯಾರ ಕಾಲಿಗೆ ಬಂತೋ, ಇಬ್ಬರೂ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಮಕ್ಕಳ ಡಾಕ್ಟರು ಅಂಗಾಲಿಗೆ ಬೆರಳಿಂದ ಹೊಡೆದರು. ಮಗು ಮುಖ ಕಿವುಚಿ ಮತ್ತೆ ಕಣ್ಣು ಮುಚ್ಚಿತು. ಎದೆಗೆ ಸ್ಟೆತೊಸ್ಕೋಪ್ ಇಟ್ಟು ಗಡಿಯಾರ ನೋಡುತ್ತ ನಿಂತರು.

"ಉಸಿರು ಸರಿಯಾಗಿದೆ. ಆದ್ರೂ ಇಷ್ಟು ಚಿಕ್ಕ ಮಗು, ಇವತ್ತು ಇಲ್ಲೇ ಇರ್ಲಿ, ನೋಡ್ತಿರ್ತೀವಿ. ಕೊನೇ ಮಾತ್ರೆ ಯಾವಾಗ ತಗೊಂಡ್ರಿ?"

"ಬೆಳಗ್ಗೆ, ಏಳು ಗಂಟೆಗೆ. ಡಾಕ್ಟ್ರೇ, ಹಾಲು ನಿಲ್ಲಿಸ್ಲಾ?"

"ಮಾತ್ರೆ ನಿಲ್ಸಿ, ಹಾಲು ಯಾಕೆ ನಿಲ್ಸ್ತೀರಿ? ತುರಿಕೆಗೆ ಇಷ್ಟು ನಿದ್ದೆ ಬರಿಸದ ಮಾತ್ರೆ ಇದೆ, ಬರ್ದುಕೊಡ್ತೀನಿ. ಹಾಲುಣಿಸೋರು ಎಷ್ಟೋ ಔಷಧಿ ತಗೋಬಹುದು. ಕೇಳಿ ತಗೋಬೇಕು, ಅಷ್ಟೆ. ಮಗು ಎಬ್ಬಿಸಿದ್ರೂ ಏಳ್ತಿಲ್ಲ, ಹಾಲು ಬೇಡ ಅಂತಿದೆ, ಉಸಿರು ನಿಧಾನ ಆಗಿದೆ ಅಂದ್ರೆ ಮಾತ್ರ ಬುದ್ಧಿ ಬಂತು ಅಂತ ಮನೇಲಿ ಕೂತಿರ್ಬೇಡಿ." ಕೊನೆಯ ಮಾತು ಹೇಳುವಾಗ ಡಾಕ್ಟರು ಅತ್ತೆಯ ಕಡೆ ನೋಡಿದರು. ‘ಬುದ್ಧಿ ಬರ್ತಿದೆ ಅಂದ್ಬಿಟ್ನಲ್ಲ’ ಎಂದು ದಾರಿಯುದ್ದಕ್ಕೂ ಹಲುಬಿದ್ದನ್ನು ಅತ್ತೆ ಅಲ್ಲಿಯೂ ಒಪ್ಪಿಸಿದ್ದರು.

ಸಂಜೆ ಐದರ ಹೊತ್ತಿಗೆ ಕಹಳೆ ಮೊಳಗಿತು. ವಾರ್ಡಿನ ಸೂರು ಕಿತ್ತುಹೋಗುವಂಥ ಅಳು. ಪಕ್ಕದ ಹಾಸಿಗೆಯವರು ಕಿವಿ ಮುಚ್ಚಿಕೊಂಡರು, ತಾಯಿ ಬಿಕ್ಕಿ ಬಿಕ್ಕಿ ಅತ್ತಳು, ಕೆಲಸ ಬಿಟ್ಟು ಓಡಿಬಂದಿದ್ದ ಗಂಡ ಕಣ್ಣೊರೆಸಿಕೊಂಡು ಚಹಾ ತರುತ್ತೇನೆಂದು ಹೊರಗೆ ಹೋದ. ಮಗು ಮೊಲೆ ಕಚ್ಚಿ ಹಿಂದಿನ ಬಾಕಿಯನ್ನೆಲ್ಲ ತೀರಿಸಿಕೊಳ್ಳುವಂತೆ ಕುಡಿಯತೊಡಗಿತು.

ಅತ್ತೆಯ ಮುಖ ಮಾತ್ರ ಅರಳಲಿಲ್ಲ. ಸೊಸೆಯ ಹತ್ತಿರಕ್ಕೆ ಸ್ಟೂಲು ಎಳೆದುಕೊಂಡರು.

"ನಿನ್ನ ಗಂಡ ಹುಟ್ಟಿದಾಗ ನಂಗೆ ನಿದ್ದೇನೇ ಬರ್ತಿರ್ಲಿಲ್ಲ. ಮಾತ್ರೆ ಕೊಟ್ಟಿದ್ರು. ಎರಡು ತಿಂಗಳು ನುಂಗ್ದೆ," ಎಂದರು ಸಣ್ಣ ದನಿಯಲ್ಲಿ. "ಅವನು ಅಳ್ತಾನೇ ಇರ್ಲಿಲ್ಲ ಕಣೇ. ಎಷ್ಟು ಒಳ್ಳೆ ಮಗು ಅಂತ ಕಂಡಕಂಡವರ ಹತ್ರ ಹೇಳ್ಕೊಂಡು ಬಂದಿದೀನಿ, ಮೂವತ್ತೆರಡು ವರ್ಷ. ನಂಗೆ ಯಾರೂ ಓದಿ ಹೇಳ್ಲಿಲ್ಲ."

ಇಷ್ಟು ವರ್ಷದಲ್ಲಿ ಅವರ ಮೇಲೆ ಇಷ್ಟು ಪ್ರೀತಿ ಸೊಸೆಗೆ ಎಂದೂ ಬಂದಿರಲಿಲ್ಲ. ಅಷ್ಟರಲ್ಲಿ ಗಂಡ ಮೂರು ಲೋಟ ಚಹಾ ಹಿಡಿದು ಬಂದ.

"ಏನು, ಅತ್ತೆ ಸೊಸೆ ಗುಸುಗುಸು?"

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಸೊಸೆ ಹೊದಿಕೆಯ ಕೆಳಗೆ ಅವರ ಕೈ ಹಿಡಿದುಕೊಂಡಳು.

"ನೀವು ಚಿಕ್ಕವರಿದ್ದಾಗ ಎಷ್ಟು ಒಳ್ಳೆ ಮಗು ಆಗಿದ್ರಿ ಅಂತ ಹೇಳ್ತಿದ್ರು," ಎಂದಳು.