ಬಾಗಿಲು ಹಿಡಿದವಳು

ಹಕ್ಕಿನ ದಿನಕ್ಕೆ ಇನ್ನು ಒಂಬತ್ತೇ ದಿನ. ಬ್ಯಾನರಿನ ಅಂಚು ನನ್ನ ಮಿಷನ್ ಕೆಳಗೆ, ಕಮಿಟಿಯೆಲ್ಲ ನನ್ನ ಹೊಲಿಗೆ ಅಂಗಡಿಯೊಳಗೆ. ಕಮಿಟಿ ಅಂದರೆ ಎಷ್ಟು ಜನ ಅಂದುಕೊಂಡಿರಿ? ಮೂರೇ. ಅಧ್ಯಕ್ಷರು ರಿಟೈರಾದ ಮೇಷ್ಟ್ರು, ಭಾಷಣ ಅವರದು. ಅಚ್ಚಿನ ಕೆಲಸ ಪ್ರೆಸ್ಸಿನವನದು. ಮಿಕ್ಕಿದ್ದು, ಅಂದರೆ ಕುರ್ಚಿ, ಕಾಫಿ, ಜಗಳ, ಎಲ್ಲ ನನ್ನ ತಲೆಗೆ.

ಆ ದಿನ ಯಾಕೆ ಬಂತು ಅಂತ ಹೇಳಿಬಿಡ್ತೀನಿ. ಮೂವತ್ತು ವರ್ಷದ ಹಿಂದೆ ನಮ್ಮ ಬೀದಿಯವರು ಅಂಚೆ ಕಚೇರಿಯ ಮುಂಬಾಗಿಲು ಮುಟ್ಟೋ ಹಾಗಿರಲಿಲ್ಲ. ಹಿಂದಿನ ಗಲ್ಲಿಯಲ್ಲಿ ಒಂದು ಕಿಟಕಿ. ಒಳಗಿನವರದೆಲ್ಲ ಮುಗಿದ ಮೇಲೆ, ಸಾಹೇಬರಿಗೆ ಮನಸ್ಸು ಬಂದರೆ, ಅದು ತೆರೀತಿತ್ತು. ಒಂದು ಬೆಳಿಗ್ಗೆ ಬೀದಿಗೆ ಬೀದಿಯೇ ಎದ್ದು ಮುಂಬಾಗಿಲಿಗೆ ಹೋಯಿತು. ಅದಕ್ಕೇ ಪ್ರತಿ ವರ್ಷ ಕಾರ್ಯಕ್ರಮ ಅದೇ ಬಾಗಿಲಲ್ಲಿ ಶುರು. ಹಿಂದಿನ ವರ್ಷ ಪ್ರಶಸ್ತಿ ತಗೊಂಡವರು ಬಾಗಿಲು ಹಿಡೀಬೇಕು, ಈ ವರ್ಷದವರು ಮೊದಲು ಒಳಗೆ ಹೋಗಬೇಕು.

ಹೋದ ವರ್ಷದ ಪ್ರಶಸ್ತಿ ನನ್ನದು. ಮೂವತ್ತು ವರ್ಷದ ಹಿಂದೆ ಆ ಬೆಳಿಗ್ಗೆ ತೆಗೆದು ಪತ್ರಿಕೆಯಲ್ಲಿ ಹಾಕಿದ ಫೋಟೋದಲ್ಲಿ ಬಾಗಿಲ ಹಿಡಿಕೆ ಹಿಡಿದು ನಿಂತವಳು ನಾನಲ್ಲವೇ? "ಮೊದಲು ಒಳಹೊಕ್ಕ ಧೀರೆ" ಅಂತ ಹಿತ್ತಾಳೆ ಫಲಕ ಕೊಟ್ಟರು. ಗೋಡೆಗೆ ಹಾಕಿದ್ದೆ, ವಾರಕ್ಕೊಮ್ಮೆ ಒರೆಸ್ತಿದ್ದೆ.

ಅದು ಗೋಡೆಗೆ ಬಂದ ದಿನದಿಂದ ನಾದಿನಿಗೂ ನನಗೂ ಮಾತಿಲ್ಲ. ಅವಳು ಬಸ್ ಕಂಡಕ್ಟರ್. ನಾನು ಹತ್ತಿದರೆ ಟಿಕೆಟ್ ಹರಿದು ಕೈಗಿಡ್ತಾಳೆ, ಎಲ್ಲಿಗೆ ಅಂತ ಕೇಳೋದೇ ಇಲ್ಲ. ಎರಡು ಸ್ಟಾಪಿಗೆ ಹೊರಟವಳಿಗೆ ಕೊನೇ ಸ್ಟಾಪಿನ ಟಿಕೆಟ್ ಕೊಟ್ಟಿದ್ದಾಳೆ, ಪುಣ್ಯಾತ್ಗಿತ್ತಿ! "ಹೊಟ್ಟೆಕಿಚ್ಚು ಕಣ್ರೀ ಅವಳಿಗೆ" ಅಂತ ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ಬಂದೆ.

ಪ್ರೆಸ್ಸಿನವನು ದೊಡ್ಡ ಸುರುಳಿ ಬಿಚ್ಚಿದ. ವೇದಿಕೆಯ ಹಿಂದೆ ಕಟ್ಟೋದಕ್ಕೆ ಅದೇ ಫೋಟೋವನ್ನ ಆಳೆತ್ತರ ಮಾಡಿಸಿದ್ದ. ಕತ್ತರಿಸೋ ಮೇಜಿನ ತುಂಬಾ ನಾನೇ ನಾನು.

ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿದರು. "ನಿಮ್ಮ ತಲೆ ಪಕ್ಕ, ಗಾಜಿನ ಆಚೆ, ಕೌಂಟರ್ ಹತ್ತಿರ ಯಾರೋ ಹುಡುಗಿ ಇದ್ದಾಳಲ್ಲ?"

"ಯಾರೋ ಗಿರಾಕಿ ಇರಬೇಕು" ಅಂದ ಪ್ರೆಸ್ಸಿನವನು. "ಅಳಿಸಿಬಿಡ್ಲಾ? ಎರಡು ನಿಮಿಷದ ಕೆಲಸ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. 'ಹೂಂ' ಅಂದಿದ್ದರೆ ಅಲ್ಲಿಗೆ ಮುಗೀತಿತ್ತು, ಬಾಯಿವರೆಗೂ ಬಂದಿತ್ತು. ಆದರೆ ಆ ಹುಡುಗಿಯ ಹೆಗಲಲ್ಲಿದ್ದ ಚೀಲ ನಾನು ಹೊಲಿದದ್ದು. ಪಟ್ಟಿ ಸೊಟ್ಟ ಆಗಿದೆ ಅಂತ ಅವಳ ಹತ್ತಿರ ಬೈಸಿಕೊಂಡಿದ್ದೆ.

ಅವತ್ತು ನಡೆದದ್ದು ಹೀಗೆ. ಜನ ಇನ್ನೂ ಬೀದಿ ತಿರುವಿನಲ್ಲಿದ್ದರು. ಹದಿನೇಳರ ನಾದಿನಿ ಬಿರಬಿರನೆ ಮುಂದೆ ಹೋಗಿ, ಬಾಗಿಲು ಎಳೆದು ಒಳಗೆ ನಡೆದೇಬಿಟ್ಟಳು. ತಡೆಯೋಣ ಅಂತ ಹಿಂದೆ ಓಡಿದ ನಾನು ಹೊಸ್ತಿಲು ದಾಟೋಕೆ ಹೆದರಿ ಹಿಡಿಕೆ ಹಿಡಿದು ನಿಂತೆ. ಅವಳು ಕೌಂಟರಿನಿಂದ "ಅತ್ತಿಗೇ, ನಿಂಗೆಷ್ಟು ಸ್ಟಾಂಪು?" ಅಂತ ಕೂಗಿದಳು. ನನಗೆ ದನಿಯೇ ಹೊರಡಲಿಲ್ಲ. ಅಷ್ಟರಲ್ಲಿ ಪತ್ರಿಕೆಯ ಫೋಟೋದವನು ಬಂದು ಕ್ಲಿಕ್ಕಿಸಿದ. ಹೋದ ವರ್ಷ ಅವಳು ಮೊದಲ ಸಾಲಿನಲ್ಲಿ ಕೂತು, ಈಗಲಾದರೂ ಅತ್ತಿಗೆ ಹೇಳ್ತಾಳೆ ಅಂತ ನನ್ನ ಮುಖವನ್ನೇ ನೋಡ್ತಿದ್ದಳು. ನಾನು ಫಲಕ ಎದೆಗವಚಿಕೊಂಡು ಇಳಿದು ಬಂದೆ.

"ಅಳಿಸ್ಬೇಡ!" ಅಂತ ಕಿರುಚಿದೆ. "ಅವಳು ನನ್ನ ನಾದಿನಿ. ಮೊದಲು ಹೋದವಳು ಅವಳೇ. ನಾನು ಬಾಗಿಲು ಹಿಡ್ಕೊಂಡು ಗಡಗಡ ನಡುಗ್ತಾ ಇದ್ದೆ, ಅಷ್ಟೇ."

ಮೇಷ್ಟ್ರ ಮುಖ ಇಳಿದುಹೋಯಿತು. "ಹಾಗಾದ್ರೆ ನಾನು ನಿಮ್ಮ ಬಗ್ಗೆ ಮಾಡಿದ ಭಾಷಣ? ನಲವತ್ತು ನಿಮಿಷ!"

"ಈ ಸಲ ನಿಜ ಹೇಳಿ ಮೇಷ್ಟ್ರೇ, ಹತ್ತು ನಿಮಿಷ ಸಾಕು."

ಈ ವರ್ಷದ ಪ್ರಶಸ್ತಿ ನಾದಿನಿಗೆ ಅಂತ ಅಲ್ಲೇ ತೀರ್ಮಾನ ಆಯಿತು. ಫಲಕ ಗೋಡೆಯಿಂದ ಇಳಿಸಿ, ಎರಡು ಮನೆ ಆಚೆಗಿರೋ ಅವಳ ಮನೆಗೆ ಹೋದೆ. ಯೂನಿಫಾರ್ಮಿಗೆ ಇಸ್ತ್ರಿ ಹಾಕ್ತಿದ್ದಳು. "ತಪ್ಪಾಯ್ತು ಕಣೇ. ನಿನ್ನದನ್ನ ನಾನು ಕದ್ದೆ, ಮೇಲೆ ನಿನಗೇ ಹೆಸರಿಟ್ಟೆ" ಅಂದೆ. ಇಸ್ತ್ರಿ ಪೆಟ್ಟಿಗೆಯಾದರೂ ಬುಸ್ ಅಂತು, ಇವಳ ಬಾಯಲ್ಲಿ ಹೂಂ ಇಲ್ಲ, ಉಹೂಂ ಇಲ್ಲ. ಫಲಕ ಮೇಜಿನ ಮೇಲಿಟ್ಟು, ಬರ್ತೀಯೋ ಇಲ್ಲವೋ ಅಂತ ಕೇಳೋ ಧೈರ್ಯವೂ ಇಲ್ಲದೆ ವಾಪಸ್ ಬಂದೆ. ಬೀದಿಯಲ್ಲೇ ಅಳು ಬಂತು.

ಹಕ್ಕಿನ ದಿನ ಹತ್ತು ಗಂಟೆಗೆ ಹಿಡಿಕೆ ಹಿಡಿದು ನಿಂತೆ. ಹತ್ತೂಕಾಲಾಯಿತು. ಮೇಷ್ಟ್ರು ಗಡಿಯಾರ ನೋಡಿದರು, ಜನ ಗುಸುಗುಸು ಅಂದರು.

ಹತ್ತೂವರೆಗೆ ಡ್ಯೂಟಿಯಿಂದ ನೇರ ಬಂದಳು. ಮೈಮೇಲೆ ಯೂನಿಫಾರ್ಮು, ಹೆಗಲಲ್ಲಿ ಟಿಕೆಟ್ ಚೀಲ. "ಮೇಡಂ, ಬಾಗಿಲಲ್ಲಿ ಒಂದು ನಿಮಿಷ ನಿಂತ್ಕೊಳ್ಳಿ!" ಅಂದ ಫೋಟೋದವನು. ಅವಳೆಲ್ಲಿ ನಿಲ್ತಾಳೆ! ನನ್ನ ಕಡೆ ಕಣ್ಣೂ ಹಾಯಿಸದೆ ಒಳಗೆ ನಡೆದುಬಿಟ್ಟಳು. ಅವನು ಕ್ಯಾಮೆರಾ ನನ್ನ ಕಡೆ ತಿರುಗಿಸಿದ.

"ನನ್ನನ್ನೇನಯ್ಯಾ ತೆಗೀತೀಯಾ?" ಅಂತ ರೇಗಿದೆ. "ಅವಳು ಒಳಗಿದ್ದಾಳೆ. ಒಳಗೆ ಹೋಗು!"

ಆಗ ಒಳಗಿಂದ, ಇಡೀ ಬಸ್ಸಿಗೆ ಕೇಳಿಸೋ ಆ ಕಂಠ ಬಂತು. "ಅತ್ತಿಗೇ! ನಿಂಗೆಷ್ಟು ಸ್ಟಾಂಪು?"

"ಎರಡು ಕಣೇ!" ಅಂತ ಕೂಗಿ, ಹಿಡಿಕೆ ಬಿಟ್ಟು ಒಳಗೆ ಹೋದೆ.