ಕುಂಕುಮಕ್ಕೆ ಕರೆದ ಮನೆ

"ನೀರು ಕುಡಿದೆಯಲ್ಲ, ಈಗ ಬಾಯಿ ತೆಗಿ."

ಅನೀಶ್ ಇದನ್ನು ನಗುತ್ತಲೇ ಹೇಳುತ್ತಿದ್ದ, ಧಾರಿಣಿ ನಗುತ್ತಲೇ ಬಾಯಿ ತೆಗೆಯುತ್ತಿದ್ದಳು. ಹೊರಗಿನವರು ಯಾರಾದರೂ ನೋಡಿದರೆ ಗಂಡ ಹೆಂಡತಿ ಏನೋ ಆಟವಾಡುತ್ತಿದ್ದಾರೆ ಅಂದುಕೊಳ್ಳಬೇಕು. ಅದು ಆಟವಲ್ಲ, ಮಾತ್ರೆ ನುಂಗಿದಳೋ ಇಲ್ಲವೋ ಎಂಬ ತಪಾಸಣೆ ಎಂಬುದು ಇಬ್ಬರಿಗೂ ಗೊತ್ತಿತ್ತು. ನೋವಿನ ಮಾತ್ರೆಗಳಿದ್ದ ಡಬ್ಬಿಯ ಬೀಗದ ಕೈ ಅನೀಶನ ಜೇಬಿನಲ್ಲಿರುತ್ತಿತ್ತು, ಸ್ನಾನಕ್ಕೆ ಹೋಗುವಾಗಲೂ ಅವನು ಅದನ್ನು ಒಳಗೆ ಒಯ್ಯುತ್ತಿದ್ದ.

"ನಾನೂ ಬರ್ಲಾ ಚಂದ್ರಪ್ರಭಾ ಮನೆಗೆ?" ಎಂದು ಅವತ್ತು ಅವನು ಕೇಳಿದ.

"ಹೆಂಗಸರು ಅರಿಶಿನ ಕುಂಕುಮಕ್ಕೆ ಹೋಗೋ ಕಡೆ ನಿನಗೇನು ಕೆಲಸ?"

"ಸುಮ್ನೆ. ಗೊಂಬೆ ನೋಡ್ಬಹುದಲ್ಲ."

ದೆಹಲಿಗೆ ಬಂದು ಹನ್ನೆರಡು ವರ್ಷದಲ್ಲಿ ಯಾವ ನವರಾತ್ರಿಯಲ್ಲೂ ಇವನಿಗೆ ಗೊಂಬೆಗಳ ನೆನಪಾಗಿರಲಿಲ್ಲ. ಕಾವಲಿಗೆ ಬರುತ್ತಿದ್ದಾನೆ ಎಂದು ಧಾರಿಣಿಗೆ ತಿಳಿಯಿತು. ಬೇಡ ಎಂದರೆ ಅದೇ ಇನ್ನೊಂದು ಅನುಮಾನಕ್ಕೆ ದಾರಿ. "ಚಲೋ, ಬಾ," ಎಂದಳು.

ಓಖ್ಲಾದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಧಾರಿಣಿ ಕ್ವಾಲಿಟಿ ವಿಭಾಗದವಳು. ಹೊರದೇಶಕ್ಕೆ ಹೋಗುವ ಅಂಗಿಗಳಲ್ಲಿ ತಪ್ಪಿದ ಹೊಲಿಗೆ, ಸಡಿಲ ಗುಂಡಿ ಹುಡುಕುವುದೇ ಅವಳ ಅನ್ನ. ಅಂಗಿ ಎದುರಿಗೆ ಬಂತೆಂದರೆ ಅದರಲ್ಲಿ ಏನೋ ಒಂದು ಐಬು ಇದ್ದೇ ಇರುತ್ತದೆ ಎಂದು ನಂಬಿ ಶುರು ಮಾಡಬೇಕು. ಇತ್ತೀಚೆಗೆ ಮನುಷ್ಯರನ್ನೂ ಹಾಗೆಯೇ ತಿರುಗಿಸಿ ತಿರುಗಿಸಿ ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಮೆಟ್ರೋದಲ್ಲಿ ಲಕ್ಷ್ಮೀ ನಗರದಿಂದ ಜನಕಪುರಿಯವರೆಗೂ ಅವಳು ಅದನ್ನೇ ಮಾಡಿದಳು. ಚಂದ್ರಪ್ರಭಾ ನನ್ನನ್ನು ಯಾಕೆ ಕರೆದಳು? ವಾಟ್ಸಾಪ್ ಗುಂಪಿಗೆ ಹಾಕಿದ್ದ ಆಹ್ವಾನ ಸಾಲದೆಂದು ಫೋನ್ ಬೇರೆ ಮಾಡಿದ್ದಳು. "ಬಾರೇ, ಕುಂಕುಮಕ್ಕೆ ಕರೆದರೆ ಇಲ್ಲ ಅನ್ನಬಾರದು," ಎಂದಿದ್ದಳು. ಧ್ವನಿ ಮೆತ್ತಗಿತ್ತು. ಆ ಮೆತ್ತಗಿನ ಧ್ವನಿಯಲ್ಲೇ ಏನೋ ಇರಬೇಕು. ಪರೀಕ್ಷೆ ಮಾಡಲು ಕರೆದಿದ್ದಾಳೋ, ನಾಲ್ಕು ಜನರಿಗೆ ತೋರಿಸಲು ಕರೆದಿದ್ದಾಳೋ?

ಅನುಮಾನಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಅವಳಿದ್ದ ಆಟೋ ಮಗುಚಿ ಬೆನ್ನುಮೂಳೆಗೆ ಪೆಟ್ಟಾಗಿ ಆಪರೇಷನ್ ಆಯಿತು. ಗಾಯ ಮಾಯಿತು, ನೋವು ಮಾಯಲಿಲ್ಲ. ಡಾಕ್ಟರು ಬರೆದುಕೊಟ್ಟ ಮಾತ್ರೆ ಮೊದಲು ದೇವರಂತೆ ಕೆಲಸ ಮಾಡಿತು. ಆಮೇಲೆ ಒಂದು ಸಾಲದೆ ಎರಡಾಯಿತು, ಎರಡು ಸಾಲದೆ ಮೂರಾಯಿತು. ಚೀಟಿ ಮುಗಿದ ಮೇಲೂ ಮಾತ್ರೆ ಮುಗಿಯಲಿಲ್ಲ. ಕೆಮಿಸ್ಟ್ ಭಯ್ಯಾ ಕೈ ಎತ್ತಿದಾಗ ಅವಳಿಗೆ ಕನ್ನಡದವರ ಮನೆಗಳು ನೆನಪಾದವು. ಹೋದ ನವರಾತ್ರಿಯಲ್ಲಿ ರೇಷ್ಮೆ ಸೀರೆಯುಟ್ಟು ಮನೆಮನೆಗೂ ಕುಂಕುಮಕ್ಕೆ ಹೋದಳು. ಹೋದ ಕಡೆಯೆಲ್ಲ ಉಸಲಿ ತಿಂದಳು, ಹಾಡು ಹೇಳಿದಳು, "ಒಂದ್ನಿಮಿಷ" ಎಂದು ಬಚ್ಚಲುಮನೆಗೆ ಹೋಗಿ ಕನ್ನಡಿಯ ಹಿಂದಿನ ಕಪಾಟು ತೆಗೆದಳು. ಮುತ್ತೈದೆಯನ್ನು ಯಾರು ಅನುಮಾನಿಸುತ್ತಾರೆ? ಕೊನೆಯದು ಚಂದ್ರಪ್ರಭಾಳ ಮನೆ. ಅವಳ ಮಾವ ಈಶ್ವರಪ್ಪನವರಿಗೆ ಸೊಂಟದ ಆಪರೇಷನ್ ಆಗಿ ಕೆಲವೇ ದಿನಗಳಾಗಿದ್ದವು. ಅವರ ಮಾತ್ರೆಗಳೇ ಧಾರಿಣಿಯ ಪರ್ಸಿಗೆ ಬಂದವು. ಮಾರನೆಯ ದಿನ ಚಂದ್ರಪ್ರಭಾ ಫೋನ್ ಮಾಡಿದಳು, ಅನೀಶ್ ಪರ್ಸು ತೆಗೆದು ನೋಡಿದ, ಎಲ್ಲ ಹೊರಬಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇವಳದು ಅಡಿಕೆಗಿಂತ ಚಿಕ್ಕದಕ್ಕೆ ಹೋಗಿತ್ತು.

ಆಮೇಲೆ ನೋವಿನ ಕ್ಲಿನಿಕ್ಕಿನ ಡಾಕ್ಟರಮ್ಮ ಸಿಕ್ಕರು. "ಒಮ್ಮೆಲೇ ನಿಲ್ಲಿಸಬೇಡಿ, ನಿಧಾನವಾಗಿ ಇಳಿಸೋಣ," ಎಂದರು ಅವರು. "ಇಳಿಸುವಾಗ ಮೈ ಬೆವರುತ್ತೆ, ನಿದ್ದೆ ಬರಲ್ಲ, ನೋವು ಇದ್ದದ್ದಕ್ಕಿಂತ ಜೋರಾಗಿ ಕೂಗುತ್ತೆ. ನಿಮ್ಮ ನೋವು ಸುಳ್ಳಲ್ಲ. ಆದರೆ ಈ ಮಾತ್ರೆ ಅದನ್ನು ಯಾವತ್ತೂ ಮುಗಿಸಲ್ಲ." ತಿಂಗಳುಗಟ್ಟಲೆ ಇಳಿಸಿ ಇಳಿಸಿ ಈಗ ಬೆಳಗಿನದೊಂದು ಮಾತ್ರ ಉಳಿದಿತ್ತು. ಕಷ್ಟವೆಂದರೆ, ಈಗ ಅವಳು "ನೋಯ್ತಿದೆ" ಎಂದರೆ ಯಾರೂ ನಂಬುತ್ತಿರಲಿಲ್ಲ. ಅನೀಶ್ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ, ಆಮೇಲೆ ಅವಳ ಮುಖ ನೋಡುತ್ತಿದ್ದ. ಅವಳಿಗೂ ತನ್ನ ಮೇಲೆ ನಂಬಿಕೆ ಹೋಗಿತ್ತು. ಈಗ ನೋಯುತ್ತಿರುವುದು ಬೆನ್ನೋ, ಬೆನ್ನಿನ ಹೆಸರಿನಲ್ಲಿ ಮಾತ್ರೆಗೆ ಅರ್ಜಿ ಹಾಕುತ್ತಿರುವ ಮನಸ್ಸೋ? ಒಮ್ಮೆಯಾದರೂ ಯಾರಾದರೂ ಮರುಪ್ರಶ್ನೆ ಹಾಕದೆ ತನ್ನ ಮಾತು ನಂಬಲಿ ಎಂದು ಅವಳ ಜೀವ ಹಂಬಲಿಸುತ್ತಿತ್ತು.

ಚಂದ್ರಪ್ರಭಾ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದಳು. ಗೊಂಬೆಗಳ ಮುಂದೆ ಜಮಖಾನ ಹಾಸಿತ್ತು, ಆರೇಳು ಹೆಂಗಸರು ಕೂತಿದ್ದರು. ಈಶ್ವರಪ್ಪನವರು ಮೂಲೆಯ ಕುರ್ಚಿಯಲ್ಲಿದ್ದರು. ಹೊರಗೆ ಪಾರ್ಕಿನಲ್ಲಿ ರಾಮಲೀಲಾದವರು ಮೈಕು ಪರೀಕ್ಷಿಸುತ್ತಿದ್ದರು. ಧಾರಿಣಿ ಕೂರುತ್ತಿದ್ದಂತೆ ಪಕ್ಕದ ವೈಜಯಂತಿ ತನ್ನ ಹ್ಯಾಂಡ್‌ಬ್ಯಾಗನ್ನು ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಸರಿಸಿದಳು. ಜಾಗ ಮಾಡಿಕೊಡಲು ಸರಿಸಿದ್ದೂ ಇರಬಹುದು. ಧಾರಿಣಿ ಹಾಗೆಂದು ನಂಬಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳಿಗೆ ನಿಜವಾಗಿಯೂ ಬಚ್ಚಲುಮನೆಗೆ ಹೋಗಬೇಕಾಯಿತು. ಎದ್ದಾಗ ಮಾತು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಒಳಗೆ ಹೋಗಿ ಕೈ ತೊಳೆದು ತಲೆಯೆತ್ತಿದಾಗ ಕನ್ನಡಿಯ ಹಿಂದಿನ ಕಪಾಟು ತೆರೆದಿತ್ತು. ತೆರೆದದ್ದು ಅವಳ ಕೈಯೇ. ಒಳಗೆ ಒಂದು ಹೊಸ ಸೋಪು, ಒಂದು ಬಾಚಣಿಗೆ, ಅಷ್ಟೇ. ಉಳಿದದ್ದನ್ನೆಲ್ಲ ಎತ್ತಿಟ್ಟು ಒರೆಸಿದ್ದರು. ಅವಮಾನದಿಂದ ಅವಳ ಕಿವಿ ಬಿಸಿಯಾಯಿತು. ಅವರು ಎತ್ತಿಟ್ಟರೆಂದು ಸಿಟ್ಟು ಮಾಡಿಕೊಳ್ಳೋಣವೆಂದರೆ, ನಾನು ಯಾಕೆ ತೆರೆದೆ?

ಹೊರಗೆ ಚಂದ್ರಪ್ರಭಾ ನಿಂತಿದ್ದಳು. "ಟವೆಲ್ ಕೊಡೋಣ ಅಂತ ಬಂದೆ."

"ಟವೆಲ್ ಒಳಗೇ ಇತ್ತು."

ಚಂದ್ರಪ್ರಭಾಳ ಕಣ್ಣು ಒಳಗಿನ ಕಪಾಟಿನ ಕಡೆ ಹೋಯಿತು. ಅವಳು ತಗ್ಗಿದ ದನಿಯಲ್ಲಿ, "ಹೌದು, ಎತ್ತಿಟ್ಟಿದ್ದೀನಿ. ಅವತ್ತು ಮಾವ ಮಗು ಥರ ಅತ್ತರು ಧಾರಿಣಿ. 'ನೀವೇ ಎಲ್ಲೋ ಇಟ್ಟು ಮರೆತಿದ್ದೀರಿ' ಅಂತ ನಾನು ಅವರಿಗೇ ಗದರಿಬಿಟ್ಟೆ. ಆ ವಯಸ್ಸಿನವರಿಗೆ! ಅದು ನನಗೆ ಇನ್ನೂ ಚುಚ್ಚುತ್ತೆ. ಎತ್ತಿಟ್ಟಿದ್ದು ತಪ್ಪಾ, ನೀನೇ ಹೇಳು," ಎಂದಳು.

"ತಪ್ಪಲ್ಲ," ಎಂದಳು ಧಾರಿಣಿ. "ನಾನು ಕಪಾಟು ತೆಗೆದೆ ಕಣೇ. ಈಗಲೂ ತೆಗೆದೆ. ಏನಾದರೂ ಸಿಕ್ಕಿದ್ದರೆ ಏನು ಮಾಡ್ತಿದ್ದೆನೋ ಗೊತ್ತಿಲ್ಲ. ಇಂಥವಳನ್ನ ಯಾಕೆ ಕರೆದೆ?"

"ಕರೀಬಾರದು ಅಂತಲೇ ಇದ್ದೆ. ಮಾವ ಕೇಳಿದರು, ಆ ಹುಡುಗಿ ಈ ಸಲ ಬರಲ್ವಾ ಅಂತ."

ಧಾರಿಣಿ ವಾಪಸು ಬಂದು ಜಮಖಾನದ ಮೇಲೆ ಕೂತು ತನ್ನ ಸರದಿಯ ಹಾಡು ಎತ್ತಿಕೊಂಡಳು. ನೆಲದ ಮೇಲೆ ಕೂತದ್ದಕ್ಕೋ, ಮನಸ್ಸು ಕಲಕಿದ್ದಕ್ಕೋ, ಸೊಂಟದಿಂದ ಬಲಗಾಲಿಗೆ ನೋವು ಕಾದ ಕಬ್ಬಿಣದಂತೆ ಇಳಿಯಿತು. ಹಾಡು ಅರ್ಧಕ್ಕೇ ನಿಂತಿತು. ಹಣೆ ಬೆವರಿತು.

"ಯಾಕೆ, ಏನಾಯ್ತು?" ಎಂದಳು ವೈಜಯಂತಿ. ಕೇಳಿದ ರೀತಿಯಲ್ಲಿ ಮರುಕಕ್ಕಿಂತ ಕುತೂಹಲ ಹೆಚ್ಚಿತ್ತು. ಎಲ್ಲರೂ ತಿರುಗಿ ನೋಡಿದರು. ನಾಟಕವೋ ನಿಜವೋ ಎಂದು ಒಬ್ಬೊಬ್ಬರೂ ಮನಸ್ಸಿನಲ್ಲೇ ತೂಗುತ್ತಿರುವುದು ಧಾರಿಣಿಗೆ ಕಂಡಿತು. ಬಾಗಿಲ ಬಳಿ ಕೂತಿದ್ದ ಅನೀಶನ ಕೈ ಜೇಬಿಗೆ ಹೋಯಿತು.

ಆಗ ಈಶ್ವರಪ್ಪನವರು ಜುಬ್ಬಾದ ಒಳಜೇಬಿನಿಂದ ಒಂದು ಮಾತ್ರೆ ಹಾಳೆ ತೆಗೆದರು. ಕಳೆದ ವರ್ಷದಿಂದ ಅವರು ಅದನ್ನು ಮೈಮೇಲೇ ಇಟ್ಟುಕೊಳ್ಳುತ್ತಿದ್ದರು. "ತಗೋಮ್ಮ. ಒಂದೇ ಒಂದು ತಗೋ. ನಮ್ಮ ನೋವಿಗೆ ಸಾಕ್ಷಿ ಎಲ್ಲಿಂದ ತರೋದು? ನನಗೆ ಗೊತ್ತು, ನಿನಗೆ ನೋಯ್ತಿದೆ," ಎಂದು ಕೈ ಚಾಚಿದರು.

ಅಡುಗೆಮನೆಯಿಂದ ಕುಂಕುಮದ ತಟ್ಟೆ ತರುತ್ತಿದ್ದ ಚಂದ್ರಪ್ರಭಾ ಅಲ್ಲೇ ನಿಂತಳು. ಧಾರಿಣಿಗೆ ಆ ಮಾತ್ರೆಯ ಕಹಿ ಆಗಲೇ ನಾಲಿಗೆಗೆ ಬಂತು. ಕದಿಯುವುದೇನಲ್ಲ, ಕೊಡುತ್ತಿದ್ದಾರೆ. ಯಾರ ನೋವಿನ ಮಾತ್ರೆ ಕದ್ದಳೋ ಅವರೇ ಕೊಡುತ್ತಿದ್ದಾರೆ. ಇಡೀ ಮನೆಯಲ್ಲಿ ಅವಳನ್ನು ನಂಬಿದ್ದು ಒಂದೇ ಒಂದು ಜೀವ, ಆ ಜೀವದ ಕೈಯಲ್ಲೇ ಮಾತ್ರೆಯೂ ಇತ್ತು. ಅವಳಿಗೆ ಅಳು ಬಂತು, ಅತ್ತಳು ಕೂಡ.

"ಮಾವಾ, ತುಂಬ ನೋಯ್ತಿದೆ," ಎಂದಳು. "ಮಾತ್ರೆ ಬೇಡ. ಒಳಗಿಡಿ. ನನಗೆ ಒಂಚೂರು ಮಲಗಕ್ಕೆ ಜಾಗ ಮಾಡಿಕೊಟ್ಟರೆ ಸಾಕು."

ಫಿಸಿಯೋ ಕಲಿಸಿಕೊಟ್ಟಿದ್ದ ಒಂದು ಉಪಾಯವಿತ್ತು. ನೆಲದ ಮೇಲೆ ಅಂಗಾತ ಮಲಗಿ ಕಾಲುಗಳನ್ನು ಕುರ್ಚಿಯ ಮೇಲಿಟ್ಟು ನಿಧಾನವಾಗಿ ಉಸಿರಾಡಬೇಕು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತ್ರ ಅವಳು ಮಾಡುತ್ತಿದ್ದಳು. ಈಗ ರೇಷ್ಮೆ ಸೀರೆಯಲ್ಲಿ, ಇಷ್ಟು ಜನರ ನಡುವೆ, ಗೊಂಬೆಗಳ ಕಡೆಗೆ ಕಾಲು ಹೋಗದಂತೆ ತಿರುಗಿ ಮಲಗಿದಳು. ಅನೀಶ್ ಜೇಬಿನಿಂದ ಕೈ ತೆಗೆದು, ಎದ್ದು, ಕುರ್ಚಿ ಎಳೆದು ತಂದ. ಅವಳ ಕಾಲುಗಳನ್ನು ಎತ್ತಿ ಅದರ ಮೇಲಿಟ್ಟು ಸೆರಗು, ನೆರಿಗೆ ಸರಿಮಾಡಿದ. ಹೆಂಗಸರು ಸರಿದು ಕೂತರು.

ಚಂದ್ರಪ್ರಭಾ ತಟ್ಟೆ ಹಿಡಿದು ಹತ್ತಿರ ಬಂದು ಬಗ್ಗಿದಳು.

"ಅಯ್ಯೋ, ಮಲಗಿದವರಿಗೆ ಕುಂಕುಮ ಇಡಬಾರದು ಕಣೇ!" ಎಂದಳು ವೈಜಯಂತಿ. "ನಮಗೆ ಕೊಟ್ಟುಬಿಡು, ಹೊತ್ತಾಯ್ತು. ಅವಳಿಗೆ ಆಮೇಲೆ ಕೊಟ್ಟರಾಯ್ತು."

ಚಂದ್ರಪ್ರಭಾ ಒಂದು ಕ್ಷಣ ಯೋಚಿಸಿದಳು. "ಅದೂ ಸರಿ," ಎಂದು ನೆಟ್ಟಗಾದಳು. "ಇವಳು ಏಳಲಿ. ಈ ಸಲ ಇವಳಿಂದಲೇ ಶುರು ಮಾಡೋಣ ಅಂತಿದ್ದೀನಿ."

"ಎಷ್ಟು ಹೊತ್ತಾಗುತ್ತೋ?"

"ಎಷ್ಟು ಹೊತ್ತು ಬೇಕು ಧಾರಿಣಿ?"

"ಗೊತ್ತಿಲ್ಲ ಕಣೇ."

"ಅಚ್ಛಾ, ಆಗಲಿ," ಎಂದಳು ಚಂದ್ರಪ್ರಭಾ. ಒಳಗೆ ಹೋಗಿ ಒಲೆ ಆರಿಸಿ ಬಂದಳು. ಧಾರಿಣಿಯ ತಲೆಯ ಪಕ್ಕದಲ್ಲಿ ಕಾಲು ಮಡಿಸಿ ಕೂತು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಳು. ಹೊತ್ತಾಯಿತೆಂದ ವೈಜಯಂತಿಯೂ ಬ್ಯಾಗು ಕೆಳಗಿಟ್ಟು, ಅರ್ಧಕ್ಕೆ ನಿಂತಿದ್ದ ಹಾಡನ್ನು ಎತ್ತಿಕೊಂಡಳು. ಧಾರಿಣಿ ಕಣ್ಣು ಮುಚ್ಚಿದಳು. ನೋವು ಇನ್ನೂ ಅಷ್ಟೇ ಇತ್ತು, ಮತ್ತು ಎಲ್ಲರೂ ಅದು ಇಳಿಯಲೆಂದು ಕಾಯುತ್ತಾ ಕೂತಿದ್ದರು.